ರೆನಾನ್ ಪಂಡಿತರ ಆಕ್ಷೇಪವೂ ಜಮಾಲುದ್ದೀನರ ಸಮಾಧಾನವೂ



ಪರಮತದ ದೋಷವನ್ನು ಎಣಿಸುವವನ ಮಾತಿಗೆ ಬೆಲೆಯೆಷ್ಟೆಂಬುದನ್ನು, ಅವನು ಸ್ವಮತದ ವಿಷಯದಲ್ಲಿ ಎಷ್ಟು ನಿಷ್ಠುರನಾಗಿರುವನೆಂಬುದರಿಂದ ಅಳೆಯಬೇಕಾಗುತ್ತದೆ. ಇಸ್ಲಾಮಿನವರಿಗೂ ಪಾಶ್ಚಾತ್ಯರಿಗೂ ನಡೆದ ವಾದಗಳಲ್ಲಿ ಈ ಅಳತೆಗೆ ನಿಲ್ಲುವವು ಬಹಳವಿಲ್ಲ. ಹಾಗೆ ನಿಂತದ್ದೊಂದು 1883ರಲ್ಲಿ ಪ್ಯಾರಿಸ್ ನಗರದಲ್ಲಿ ನಡೆಯಿತು.

ಕಾಲವು ಕಲುಷಿತವಾಗಿತ್ತು. 1881ರಲ್ಲಿ ಟ್ಯುನೀಸಿಯವು ಫ್ರೆಂಚರ ವಶವಾಗಿತ್ತು. 1882ರಲ್ಲಿ ಈಜಿಪ್ಟು ಆಂಗ್ಲ ಸೈನ್ಯದ ಕೈಸೇರಿತ್ತು. ಹೀಗಿರಲು, ಮಾರ್ಚ್ 29ನೆಯ ದಿನ ಸೊರ್ಬಾನ್ ವಿದ್ಯಾಪೀಠದಲ್ಲಿ ಅರ್ನೆಸ್ಟ್ ರೆನಾನ್ ಪಂಡಿತರು ಉಪನ್ಯಾಸವಿತ್ತು, ಇಸ್ಲಾಂ ಮತವು ವಿಜ್ಞಾನಕ್ಕೆ ವಿರೋಧಿಯೆಂದೂ, ಅರಬರದೆಂದು ಲೋಕವು ಹೊಗಳುವ ಶಾಸ್ತ್ರಜ್ಞಾನವು ನಿಜವಾಗಿ ಗ್ರೀಕರ, ಪಾರಸಿಕರ ಸ್ವತ್ತೆಂದೂ ವಾದಿಸಿದರು. ಯೇಸುವನ್ನು ಅಸದೃಶ ಮಾನವನೆಂದು ಕರೆದುದಕ್ಕಾಗಿ 1862ರಲ್ಲಿ ಇದೇ ರೆನಾನರ ಪಾಠಪ್ರವಚನಗಳನ್ನು ಸರಕಾರವು ನಿಲ್ಲಿಸಿತ್ತೆಂಬುದನ್ನು ಇಲ್ಲಿ ಮರೆಯತಕ್ಕುದಲ್ಲ.

ಆಗ ಸಯ್ಯದ್ ಜಮಾಲುದ್ದೀನ್ ಅಫ್ಘಾನಿಯವರು ಆ ನಗರದಲ್ಲಿದ್ದರು. ಹಿಂದೆ ಹೈದರಾಬಾದಿನಲ್ಲಿ ಕೆಲಕಾಲ ನೆಲಸಿ, ನಾಸ್ತಿಕ ಭೌತವಾದವನ್ನು ಖಂಡಿಸಿ ಪಾರಸಿ ಭಾಷೆಯಲ್ಲಿ ಗ್ರಂಥ ಬರೆದವರು. ಅವರ ಉತ್ತರವು ಮೇ 18ರಂದು ‘ಜೂರ್ನಾಲ್ ದೆ ದೆಬಾ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮತವು ಸ್ವತಂತ್ರ ವಿಚಾರಕ್ಕೆ ಅಡ್ಡಿಮಾಡಿತೆಂಬುದನ್ನು ಅವರು ಅಲ್ಲಗಳೆಯಲಿಲ್ಲ. ಆ ದೋಷವು ಇಸ್ಲಾಮೊಂದರದೇ ಎಂಬುದನ್ನು ಮಾತ್ರ ಒಪ್ಪಲಿಲ್ಲ. ಕ್ರೈಸ್ತಮತವು ಹಲವು ಶತಮಾನ ಹಿರಿಯದು. ಅದರ ಜನರು ಬಹುಕಾಲದ ಮೇಲೆ ಪಡೆದ ಬಿಡುಗಡೆಯನ್ನು ಕಿರಿಯ ಮತದವರು ಇನ್ನೂ ಪಡೆಯಲಿಲ್ಲವೆಂದು ಹಳಿಯುವುದು ನ್ಯಾಯವೆ? ಇನ್ನು ಗ್ರೀಕರ ಶಾಸ್ತ್ರದ ಮಾತು. ಯುರೋಪಿನವರು ಗ್ರೀಕರಿಗೆ ನೆರೆಯವರಾಗಿದ್ದರೂ, ಅರಿಸ್ಟಾಟಲನನ್ನು ಬರಮಾಡಿಕೊಂಡುದು ಅವನು ಅರಬನಾಗಿ ಬಂದ ಬಳಿಕವೇ ಎಂದು ಚುಚ್ಚಿ ನುಡಿದರು.

ಮರುದಿನವೇ ಅದೇ ಪತ್ರಿಕೆಯಲ್ಲಿ ರೆನಾನರ ಪ್ರತ್ಯುತ್ತರ ಬಂದಿತು. ಎದುರಾಳಿಯನ್ನು ಮನಸಾರೆ ಮೆಚ್ಚಿ, ತತ್ತ್ವಜ್ಞಾನಿ ಇಬ್ನ್ ರುಷ್ದರನ್ನು ಇಸ್ಲಾಂ ನಡೆಸಿಕೊಂಡುದಕ್ಕಿಂತ ಗೆಲಿಲಿಯೋವನ್ನು ಕ್ಯಾಥೊಲಿಕ್ ಮತವು ನಡೆಸಿಕೊಂಡ ಬಗೆ ಮೇಲಲ್ಲವೆಂದು ಒಪ್ಪಿಕೊಂಡರು. ಮೂಲವಾದವನ್ನು ಬಿಟ್ಟರೆಂದಲ್ಲ. ಅಫ್ಘಾನಿಯವರ ಬುದ್ಧಿಸ್ವಾತಂತ್ರ್ಯವನ್ನು ಸಹ ಅವರ ಸೀಮೆಯಲ್ಲಿ ಉಳಿದಿರುವ ಆರ್ಯಸತ್ತ್ವದ ಲೆಕ್ಕಕ್ಕೆ ಬರೆದರು! ಜನಾಂಗದ ಮೋಹವು ಪಂಡಿತರನ್ನೂ ಬಿಡದು.

ಅಫ್ಘಾನಿಯವರ ಶಿಷ್ಯರಾದ ಮಹಮ್ಮದ್ ಅಬ್ದುಹು ಅವರು ಆಗ ದೇಶಭ್ರಷ್ಟರಾಗಿ ಬೈರೂತಿನಲ್ಲಿದ್ದರು. ಗುರುವು ಇಸ್ಲಾಮನ್ನು ಸಮರ್ಥಿಸಿರುವರೆಂದು ಹಿಗ್ಗಿ, ಉತ್ತರವನ್ನು ಅರಬ್ಬಿಗೆ ತರಿಸಬೇಕೆಂದಿದ್ದರು. ಒಳಗಿನ ಮಾತು ತಿಳಿದ ಮೇಲೆ, ಅನುವಾದಿಸಹೊರಟ ಮಿತ್ರರನ್ನು ತಡೆದು, ಆ ಸಂಚಿಕೆಯು ಮೊದಲೇ ಕೈಗೆ ಸಿಕ್ಕದಿದ್ದುದಕ್ಕೆ ದೇವರನ್ನು ಕೊಂಡಾಡಿ ಗುರುವಿಗೆ ಪತ್ರ ಬರೆದರು. ಪ್ಯಾರಿಸಿನವರು ಓದಿದುದನ್ನು ಬೈರೂತಿನವರು ಆಗ ಓದಲಿಲ್ಲ.