ಮಂಡಿ ನೋವು: ಎಣ್ಣೆ, ಮಾತ್ರೆ ಮತ್ತು ನಡೆದಾಟ
(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಾಲ, ಗೊಬ್ಬರ, ಬೀಜದ ಮಾತು ನಡೆಯುವ ವೇದಿಕೆಯಲ್ಲಿ ನಮ್ಮನ್ನು ಮಂಡಿ ನೋವಿನ ಬಗ್ಗೆ ಮಾತಾಡಲು ಕರೆದಿದ್ದೀರಿ. ತಪ್ಪೇನಿಲ್ಲ. ಕೆಸರುಗದ್ದೆಯಲ್ಲಿ ನಾಟಿ ಮಾಡಿದ, ಕುಕ್ಕರುಗಾಲಲ್ಲಿ ಕೂತು ಕಳೆ ಕಿತ್ತ ಕಾಲುಗಳೇ ಈಸೂರಿನ ಬಂಡವಾಳ. ಈಗಷ್ಟೇ ಹಿರಿಯರೊಬ್ಬರು ಕುರ್ಚಿಯಿಂದ ಏಳುವಾಗ "ಅಯ್ಯಪ್ಪಾ" ಅಂದದ್ದು ನಮಗೂ ಕೇಳಿಸಿತು.

ಕೀಲಿನಲ್ಲಿ ಮೂಳೆಗಳ ತುದಿಗೆ ನುಣುಪಾದ ಮೆತ್ತೆಯಂಥ ಮೃದ್ವಸ್ಥಿ ಇರುತ್ತದೆ. ವಯಸ್ಸು, ತೂಕ, ಹಳೆಯ ಪೆಟ್ಟು, ಅತಿಯಾದ ದುಡಿಮೆ ಇವುಗಳಿಂದ ಅದು ಸವೆಯುತ್ತದೆ. ಇದನ್ನೇ ಆಯುರ್ವೇದ ಸಂಧಿಗತ ವಾತ ಎನ್ನುತ್ತದೆ. ಕೀಲು ಗಾಳಿ ತುಂಬಿದ ಚರ್ಮದ ಚೀಲದಂತೆ ಊದುತ್ತದೆ, ಮಡಚಿ ಚಾಚುವಾಗ ನೋಯುತ್ತದೆ ಎಂದು ಚರಕ ಸಂಹಿತೆಯಲ್ಲೇ ಇದೆ. ಅಂದರೆ ಕಾಯಿಲೆ ಹೊಸದಲ್ಲ.

ಕೆಲವರು "ಇದು ಹಂದಿಗೋಡು ಕಾಯಿಲೆಯೇ?" ಎಂದು ಹೆದರಿ ಕೇಳುತ್ತಾರೆ. ಅಲ್ಲ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಕಂಡುಬಂದದ್ದು ವಂಶಪಾರಂಪರ್ಯವಾಗಿ ಬರುವ ಬೇರೆಯೇ ಕೀಲುರೋಗ. ಅದು ಎಳೆ ವಯಸ್ಸಿನವರನ್ನೂ ಬಿಡದೆ, ಹೆಚ್ಚಾಗಿ ಸೊಂಟದ ಕೀಲನ್ನು ಹಿಡಿಯುತ್ತದೆ. ಗದ್ದೆ ಏಡಿ ತಿಂದದ್ದರಿಂದ, ಕೀಟನಾಶಕದಿಂದ ಬಂತೆಂದು ಮೊದಲು ಅನುಮಾನಿಸಿದ್ದರು.

ಇನ್ನು ಮದ್ದು. ಎಣ್ಣೆ ಹಚ್ಚಿ ಬಿಸಿನೀರಿನ ಶಾಖ ಕೊಟ್ಟರೆ ಬಿಗಿತ ಸಡಿಲುತ್ತದೆ. ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಬಿಸಿ ತೈಲ ನಿಲ್ಲಿಸುವ ಜಾನುಬಸ್ತಿಯಿಂದ ಅನೇಕರಿಗೆ ಹಾಯೆನಿಸುತ್ತದೆ. ಆದರೆ ಸವೆದ ಮೆತ್ತೆ ಮತ್ತೆ ಬೆಳೆಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮಂಡಿ ಕೆಂಪಗಾಗಿ, ಬಿಸಿಯಾಗಿ, ಜ್ವರ ಬಂದರೆ ತಿಕ್ಕುತ್ತಾ ಕೂರದೆ ಅಂದೇ ಆಸ್ಪತ್ರೆಗೆ ಹೋಗಿ. ಹೆಸರಿಲ್ಲದ ಪೊಟ್ಟಣದ ಪುಡಿ ತಿಂದ ಎರಡೇ ದಿನಕ್ಕೆ ನೋವು ಮಾಯವಾದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು.

ಮಾತ್ರೆಯೂ ಸಾಧುವಲ್ಲ. ನಮ್ಮ ಮನೆಯ ಮಾತನ್ನೇ ಹೇಳುತ್ತೇವೆ. ನಮ್ಮ ತಾಯಿ ಯಾರಿಗೂ ಹೇಳದೆ ಅಂಗಡಿಯಿಂದ ನೋವಿನ ಮಾತ್ರೆ ತರಿಸಿ, ಖಾಲಿ ಹೊಟ್ಟೆಯಲ್ಲೇ ನುಂಗುತ್ತಿದ್ದರು. ಒಂದು ದಿನ ಮಲ ಡಾಂಬರಿನಂತೆ ಕಪ್ಪಗಾಯಿತು, ತಲೆಸುತ್ತಿ ಬಿದ್ದರು. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರಿತ್ತು. ರಕ್ತ ಕೊಡಿಸಿ ಉಳಿಸಿಕೊಂಡೆವು. ಮನೆಯಲ್ಲಿದ್ದೂ ನಾವು ನೋಡಿರಲಿಲ್ಲ, ಅದೇ ನಮಗೆ ಇಂದಿಗೂ ಚುಚ್ಚುತ್ತದೆ. ಬಿ.ಪಿ., ಮೂತ್ರಪಿಂಡದ ತೊಂದರೆ ಇದ್ದವರಿಗೆ ಈ ಮಾತ್ರೆಗಳು ಇನ್ನೂ ಅಪಾಯ. ಮೇಲೆ ಹಚ್ಚುವ ನೋವಿನ ಮುಲಾಮನ್ನು ಮೊದಲು ನೋಡಬಹುದು.

ಎರಡೂ ಪದ್ಧತಿಯವರು ಒಪ್ಪುವ ಮದ್ದು ತೂಕ ಇಳಿಸುವುದು, ಕಾಲು ಆಡಿಸುವುದು. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ಸುಮಾರು ನಾಲ್ಕು ಕಿಲೋ ಭಾರ ತಪ್ಪುತ್ತದೆ. ನೋವಿದೆ ಎಂದು ಮಲಗಿದರೆ ತೊಡೆಯ ಸ್ನಾಯು ಸೊರಗಿ ನೋವು ಹೆಚ್ಚುತ್ತದೆ. ನೆಲದ ಬದಲು ಮಣೆ, ಸ್ಟೂಲು ಬಳಸಿ. ಊರುಗೋಲಿಗೆ ನಾಚಿಕೆ ಬೇಡ, ನೋವಿಲ್ಲದ ಕಡೆಯ ಕೈಯಲ್ಲಿ ಹಿಡಿಯಿರಿ.

ಇಷ್ಟಕ್ಕೂ ಬಗ್ಗದೆ ರಾತ್ರಿ ನಿದ್ದೆ ಕೆಡುವವರಿಗೆ ಮಂಡಿ ಬದಲಿಸುವ ಶಸ್ತ್ರಚಿಕಿತ್ಸೆ ಇದೆ. ಸಹಕಾರಿಗಳಿಗಾಗಿ 2003ರಲ್ಲಿ ಶುರುವಾದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತು ಮತ್ತೆ ಬಂದಿದೆ. ಯಾವ ಚಿಕಿತ್ಸೆ ಸೇರಿದೆ ಎಂದು ನೋಂದಣಿಗೆ ಮೊದಲೇ ಕಾರ್ಯದರ್ಶಿಗಳಲ್ಲಿ ಕೇಳಿಕೊಳ್ಳಿ.

ಈಗ ಎಲ್ಲರೂ ಕೂತಲ್ಲೇ ಬಲಗಾಲು ನೇರ ಚಾಚಿ, ಹತ್ತು ಎಣಿಸುವವರೆಗೆ ಹಿಡಿದು ಇಳಿಸಿ. ಆಮೇಲೆ ಎಡಗಾಲು. ಹತ್ತು ಸಲ ಆದ ಮೇಲೆ ಊಟಕ್ಕೆ ಏಳೋಣ.