ಆಟದಲ್ಲಿ ಮಗುವೇ ಮುಂದಾಳು



ವಿಶೇಷ ಶಿಕ್ಷಣ, ವಾಕ್ ಮತ್ತು ಶ್ರವಣ ವಿಜ್ಞಾನ, ಮನೋವಿಜ್ಞಾನ ಹಾಗೂ ಪುನರ್ವಸತಿ ಶಾಸ್ತ್ರಗಳಲ್ಲಿ ಇಂದು ಪದವಿ ಪಡೆಯುತ್ತಿರುವವರು ಮುಂದೆ ದುಡಿಯಲಿರುವ ಶಾಲೆ, ಆಸ್ಪತ್ರೆ, ಚಿಕಿತ್ಸಾ ಕೇಂದ್ರಗಳಲ್ಲಿ ಆಟಿಕೆಗಳ ಕಪಾಟೊಂದು ಸಾಮಾನ್ಯವಾಗಿ ಇರುತ್ತದೆ. ಆದರೆ ಅದರಿಂದ ಯಾವ ಆಟಿಕೆ ಯಾವಾಗ ಹೊರಬರಬೇಕು, ಎಷ್ಟು ಹೊತ್ತಿಗೆ ಒಳಹೋಗಬೇಕು ಎಂಬುದನ್ನು ಬಹುಮಟ್ಟಿಗೆ ದೊಡ್ಡವರೇ ತೀರ್ಮಾನಿಸುತ್ತಾರೆ. ಮಣಿ ಪೋಣಿಸುವುದು ಬೆರಳಿನ ವ್ಯಾಯಾಮವಾಗಿ, ಬಣ್ಣದ ಬಿಲ್ಲೆಗಳನ್ನು ವಿಂಗಡಿಸುವುದು ಪರೀಕ್ಷೆಯಾಗಿ, ಚೆಂಡು ಪಾಠ ಮುಗಿಸಿದ್ದಕ್ಕೆ ಸಿಗುವ ಬಹುಮಾನವಾಗಿ ಬದಲಾದಾಗ, ವಿಶೇಷ ಅಗತ್ಯವುಳ್ಳ ಮಗುವಿನ ದಿನಚರಿಯಲ್ಲಿ ಆಟದ ಸಾಮಾನು ತುಂಬಿರುತ್ತದೆ, ಆಟ ಮಾತ್ರ ಇರುವುದಿಲ್ಲ. ಆಟವನ್ನು ಮಗುವಿಗೆ ಹಿಂದಿರುಗಿಸುವ ಹೊಣೆ ಈ ಪದವೀಧರರದು ಎಂಬುದೇ ಈ ಭಾಷಣದ ಪ್ರತಿಪಾದನೆ.

ಮಾತಿನಲ್ಲಿ ಹೇಳಲಾಗದ ಭಯ, ಸಿಟ್ಟು, ಆಸೆಗಳನ್ನು ಮಗು ತರಬೇತಿ ಪಡೆದ ಒಬ್ಬ ವ್ಯಕ್ತಿಯ ಸಮ್ಮುಖದಲ್ಲಿ ಆಡಿ ತೋರಿಸಿ, ಅವುಗಳನ್ನು ನಿಭಾಯಿಸುವ ದಾರಿಯನ್ನು ತಾನೇ ಕಂಡುಕೊಳ್ಳಲು ಅನುವು ಮಾಡಿಕೊಡುವ ವಿಧಾನವನ್ನು ಆಟ ಚಿಕಿತ್ಸೆ ಎನ್ನುತ್ತಾರೆ. ಮೆಲನಿ ಕ್ಲೈನ್ ಮತ್ತು ಅನ್ನಾ ಫ್ರಾಯ್ಡ್ ಮನೋವಿಶ್ಲೇಷಣೆಯ ಹಾದಿಯಲ್ಲಿ ಮಕ್ಕಳ ಆಟವನ್ನು ಬಳಸಿಕೊಂಡ ಮೊದಲಿಗರಲ್ಲಿ ಸೇರಿದ್ದರೂ, ಮಗುವಿನ ಆಟದ ಅರ್ಥವನ್ನು ಮಗುವಿಗೆ ವಿವರಿಸಿ ಹೇಳುವ ಅಧಿಕಾರ ಚಿಕಿತ್ಸಕರ ಕೈಯಲ್ಲೇ ಉಳಿದಿತ್ತು. ಈ ಅಧಿಕಾರವನ್ನು ಬಿಟ್ಟುಕೊಟ್ಟವರು ಅಮೆರಿಕದ ವರ್ಜೀನಿಯಾ ಆಕ್ಸ್‌ಲೈನ್. ಕಾರ್ಲ್ ರೋಜರ್ಸ್ ಅವರ ವ್ಯಕ್ತಿಕೇಂದ್ರಿತ ಚಿಂತನೆಯನ್ನು ಮಕ್ಕಳಿಗೆ ಅನ್ವಯಿಸಿ 1947ರಲ್ಲಿ ಅವರು ಪ್ರಕಟಿಸಿದ ಗ್ರಂಥದಲ್ಲಿ ಎಂಟು ತತ್ತ್ವಗಳಿದ್ದು, ಮಗುವನ್ನು ಇದ್ದಂತೆಯೇ ಒಪ್ಪಿಕೊಳ್ಳುವುದು, ಮುಂದಾಳತ್ವವನ್ನು ಮಗುವಿಗೆ ಬಿಟ್ಟು ಚಿಕಿತ್ಸಕರು ಹಿಂಬಾಲಿಸುವುದು, ಅವಸರಪಡಿಸದಿರುವುದು, ಸುರಕ್ಷತೆಗೂ ವಾಸ್ತವದ ಅರಿವಿಗೂ ಬೇಕಾದಷ್ಟು ಮಾತ್ರ ಮಿತಿಗಳನ್ನು ಹಾಕುವುದು ಅವುಗಳಲ್ಲಿ ಮುಖ್ಯವಾದವು. ಓದುವಾಗ ಸುಲಭವೆನಿಸುವ ಈ ತತ್ತ್ವಗಳು ಆಚರಣೆಯಲ್ಲಿ ಅತ್ಯಂತ ಕಠಿಣವಾದವು, ಏಕೆಂದರೆ ಕಲಿಸಲೆಂದೇ ತರಬೇತಾದ ವ್ಯಕ್ತಿಗೆ ಅರ್ಧ ಗಂಟೆ ಏನನ್ನೂ ಕಲಿಸದೆ ಮಗುವಿನ ಪಕ್ಕದಲ್ಲಿ ನೆಲದ ಮೇಲೆ ಕುಳಿತಿರುವುದು ಕೆಲಸಗಳ್ಳತನದಂತೆ ಭಾಸವಾಗುತ್ತದೆ.

ಆಕ್ಸ್‌ಲೈನ್‌ಗಿಂತ ಸುಮಾರು ಎರಡು ದಶಕ ಮೊದಲೇ, 1928ರಲ್ಲಿ, ಲಂಡನ್ನಿನಲ್ಲಿ ಮಕ್ಕಳ ಚಿಕಿತ್ಸಾಲಯ ತೆರೆದ ವೈದ್ಯೆ ಮಾರ್ಗರೆಟ್ ಲೋವೆನ್‌ಫೆಲ್ಡ್ ಅವರ ಅನುಭವ ಇಲ್ಲಿ ವಿಶೇಷವಾಗಿ ಗಮನಾರ್ಹ. ಅವರು ಮನೆ, ಮರ, ಪ್ರಾಣಿ, ಮನುಷ್ಯರ ಪುಟ್ಟ ಬೊಂಬೆಗಳನ್ನೂ ಮರಳು ತುಂಬಿದ ತಟ್ಟೆಯನ್ನೂ ಕೋಣೆಯಲ್ಲಿ ಇರಿಸಿದ್ದರು. ಬೊಂಬೆಗಳನ್ನು ಮರಳಿಗೆ ಒಯ್ದು ಒಂದೊಂದು ಲೋಕವನ್ನೇ ಕಟ್ಟಲು ತೊಡಗಿದವರು ಮಕ್ಕಳು. ಇಂದು ಮರಳು ತಟ್ಟೆಯ ಚಿಕಿತ್ಸೆ ಎಂದು ಜಗತ್ತಿನಾದ್ಯಂತ ಹೆಸರಾಗಿರುವ ಕ್ರಮದ ಮೂಲ ಇದು. ಇದನ್ನು ರೂಪಿಸಿದ ಶ್ರೇಯಸ್ಸನ್ನು ಲೋವೆನ್‌ಫೆಲ್ಡ್ ಮಕ್ಕಳಿಗೇ ಸಲ್ಲಿಸಿದರು. ಒಂದು ಶಾಸ್ತ್ರದ ಪ್ರಮುಖ ವಿಧಾನವೊಂದು ರೋಗಿಗಳೆಂದು ಕರೆತಂದ ಮಕ್ಕಳ ಕೈಯಿಂದಲೇ ಹುಟ್ಟಿತೆಂಬುದನ್ನು ಈ ಕ್ಷೇತ್ರ ಮರೆಯಬಾರದು.

ಆದರೂ ಮಗು ತಾನಾಗಿಯೇ ಆಡುತ್ತದೆ ಎಂಬ ಮಾತು ಎಲ್ಲ ಮಕ್ಕಳ ವಿಷಯದಲ್ಲೂ ಸಲೀಸಾಗಿ ನಿಲ್ಲುವುದಿಲ್ಲ. ಸ್ವಲೀನತೆ, ಅಂದರೆ ಆಟಿಸಂ ಇರುವ ಮಗು ಆಟದ ಕಾರನ್ನು ಓಡಿಸುವ ಬದಲು ಅದರ ಚಕ್ರವನ್ನಷ್ಟೇ ತಿರುಗಿಸುತ್ತಿರಬಹುದು. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ, ಬೆಳೆಯುವ ಮೆದುಳಿಗಾದ ಹಾನಿಯಿಂದ ಸ್ನಾಯುಗಳು ಬಿಗಿದುಕೊಂಡೋ ಹತೋಟಿ ತಪ್ಪಿಯೋ, ಆಡುವ ಆಸೆಯಿದ್ದರೂ ಕೈ ಒದಗದೆ ಇರಬಹುದು. ಬೌದ್ಧಿಕ ಅಸಾಮರ್ಥ್ಯವಿರುವ ಮಗುವಿಗೆ ಅದೇ ಆಟ ಬಹಳ ಸಲ ಮರುಕಳಿಸಬೇಕಾಗುತ್ತದೆ. ಇಲ್ಲಿ ಹಿಂಬಾಲಿಸುವುದೆಂದರೆ ಕೈಕಟ್ಟಿ ಕೂರುವುದಲ್ಲ. ಚಕ್ರ ತಿರುಗಿಸುವ ಮಗುವಿನ ಪಕ್ಕದಲ್ಲಿ ಚಿಕಿತ್ಸಕರೂ ಒಂದು ಚಕ್ರ ತಿರುಗಿಸಿ, ಮಗು ಒಂದು ಕ್ಷಣ ಅತ್ತ ನೋಡುವವರೆಗೆ ಕಾದು, ಆ ನೋಟಕ್ಕೆ ಸ್ಪಂದಿಸಿದಾಗ ಇಬ್ಬರೂ ಒಂದೇ ವಸ್ತುವಿನ ಮೇಲೆ ಮನಸ್ಸಿಡುವ ಸ್ಥಿತಿ ಉಂಟಾಗುತ್ತದೆ. ಜಂಟಿ ಗಮನ ಎನ್ನುವ ಈ ಸ್ಥಿತಿಯೇ ಮಾತು ಕಲಿಯುವುದಕ್ಕೆ ತಳಹದಿ. ಕೋನಿ ಕಸಾರಿ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ವಲೀನತೆಯಿರುವ 3ರಿಂದ 4 ವರ್ಷದ 58 ಮಕ್ಕಳಿದ್ದು, ಒಂದು ಗುಂಪಿಗೆ ಜಂಟಿ ಗಮನವನ್ನೂ ಇನ್ನೊಂದು ಗುಂಪಿಗೆ ಸಾಂಕೇತಿಕ ಆಟವನ್ನೂ, ಅಂದರೆ ಬೆಣಚುಕಲ್ಲನ್ನೇ ಲಾಡು ಎಂದು ಭಾವಿಸಿ ಬೊಂಬೆಗೆ ತಿನ್ನಿಸುವಂಥ ಆಟವನ್ನೂ, ಮಕ್ಕಳ ಆಸಕ್ತಿಯ ಜಾಡು ಹಿಡಿದು ರೂಢಿಸಲಾಯಿತು. ಒಂದು ವರ್ಷದ ಬಳಿಕ ಈ ಎರಡೂ ಗುಂಪುಗಳ ಮಕ್ಕಳ ಮಾತಿನ ಬೆಳವಣಿಗೆ ಹೋಲಿಕೆಗೆಂದು ಇರಿಸಿಕೊಂಡ ಗುಂಪಿಗಿಂತ ಮುಂದಿತ್ತು.

ಆಟದ ಜೊತೆಗೆ ಕಲೆಯನ್ನೂ ಚಿಕಿತ್ಸೆಗೆ ಬಳಸಲಾಗುತ್ತದೆ, ಆದರೆ ಎಲ್ಲ ಪ್ರಯೋಗಗಳೂ ಇಷ್ಟು ಹಿತವಾದ ಫಲ ಕೊಟ್ಟಿಲ್ಲ. ಒಂಬತ್ತು ದೇಶಗಳ 364 ಮಕ್ಕಳನ್ನು ಒಳಗೊಂಡು 2017ರಲ್ಲಿ ವರದಿಯಾದ ಸಂಗೀತ ಚಿಕಿತ್ಸೆಯ ದೊಡ್ಡ ಪ್ರಯೋಗದಲ್ಲಿ, ಐದು ತಿಂಗಳ ಬಳಿಕ ಸ್ವಲೀನತೆಯ ಲಕ್ಷಣಗಳ ತೀವ್ರತೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಗುಣಪಡಿಸುವ ಭರವಸೆ ನೀಡಿ ಶುಲ್ಕ ವಸೂಲು ಮಾಡುವ ಜಾಹೀರಾತುಗಳ ನಡುವೆ ಬದುಕುವ ತಂದೆತಾಯಿಯರಿಗೆ ಈ ಎರಡೂ ಬಗೆಯ ಫಲಿತಾಂಶಗಳನ್ನು ತಿಳಿಹೇಳುವುದು ಪದವೀಧರರ ಕರ್ತವ್ಯ. ಆಟ ಅಥವಾ ಕಲೆ ಸ್ವಲೀನತೆಯನ್ನು ಹೋಗಲಾಡಿಸುವುದಿಲ್ಲ. ಹಾಡು ಮಗುವಿಗೆ ಸಂತೋಷ ಕೊಡುತ್ತಿದ್ದರೆ ಹಾಡುವುದಕ್ಕೆ ಆ ಸಂತೋಷವೇ ಸಾಕಷ್ಟು ಕಾರಣ.

ಕಲಾ ಚಿಕಿತ್ಸೆಯ ಇತಿಹಾಸದಲ್ಲಿ ಪ್ರತಿ ಪದವೀಧರರೂ ತಿಳಿದಿರಬೇಕಾದ ಹೆಸರು ಫ್ರೀಡ್ಲ್ ಡಿಕರ್ ಬ್ರಾಂಡೈಸ್. ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಟೆರೆಜಿನ್ ಶಿಬಿರಕ್ಕೆ 1942ರ ಡಿಸೆಂಬರಿನಲ್ಲಿ ಸಾಗಿಸಲ್ಪಟ್ಟ ಈ ಚಿತ್ರಕಲಾವಿದೆ, ತಂದೆತಾಯಿಯರಿಂದ ಬೇರ್ಪಟ್ಟ ಮಕ್ಕಳಿಗೆ ಅಲ್ಲಿ ಚಿತ್ರ ಕಲಿಸಿದರು. 1944ರ ಅಕ್ಟೋಬರಿನಲ್ಲಿ ಆಶ್‌ವಿಟ್ಜ್‌ನಲ್ಲಿ ಅವರನ್ನು ಕೊಲ್ಲಲಾಯಿತು. ಎರಡು ಸೂಟ್‌ಕೇಸ್‌ಗಳಲ್ಲಿ ಅಡಗಿಸಿಟ್ಟಿದ್ದ, ಮಕ್ಕಳು ಬಿಡಿಸಿದ ಸುಮಾರು 4,500 ಚಿತ್ರಗಳು ಉಳಿದುಕೊಂಡು ಇಂದು ಪ್ರಾಗ್‌ನ ಯಹೂದಿ ವಸ್ತುಸಂಗ್ರಹಾಲಯದಲ್ಲಿವೆ. ಸಂಖ್ಯೆಗಳಾಗಿ ಎಣಿಸಲ್ಪಡುತ್ತಿದ್ದ ಮಕ್ಕಳಿಂದ ಅವರು ಪ್ರತಿ ಚಿತ್ರದ ಮೇಲೂ ಹೆಸರು ಬರೆಸುತ್ತಿದ್ದರು. ಶಿಬಿರಕ್ಕೂ ಮೊದಲೇ ಅವರ ಶಿಷ್ಯೆಯಾಗಿದ್ದ ಎಡಿತ್ ಕ್ರಾಮರ್ 1938ರಲ್ಲಿ ನ್ಯೂಯಾರ್ಕಿಗೆ ಹೋಗಿ, ಚಿತ್ರ ಬಿಡಿಸುವ ಕ್ರಿಯೆಯಲ್ಲೇ ಗುಣಪಡಿಸುವ ಶಕ್ತಿಯಿದೆ, ಚಿತ್ರದ ಅರ್ಥ ಹೇಳುವುದರಲ್ಲಲ್ಲ ಎಂಬ ನಿಲುವಿನಿಂದ ಕಲಾ ಚಿಕಿತ್ಸೆಯ ಒಂದು ಮುಖ್ಯ ಪರಂಪರೆಯನ್ನು ಕಟ್ಟಿದರು.

ಈ ಹಿನ್ನೆಲೆಯಲ್ಲಿ ನೋಡಿದರೆ, ವಾರ್ಷಿಕೋತ್ಸವದ ಪ್ರದರ್ಶನಕ್ಕೆಂದು ಮಗುವಿನ ಚಿತ್ರವನ್ನು ಶಿಕ್ಷಕರು ತಿದ್ದಿ, ಗೆರೆಯಾಚೆ ಹೋದ ಬಣ್ಣವನ್ನು ಮುಚ್ಚಿ, ಕೆಳಗೆ ಮಗುವಿನ ಹೆಸರು ಬರೆಯುವ ರೂಢಿ ಎಷ್ಟು ದೊಡ್ಡ ಅನ್ಯಾಯವೆಂಬುದು ಮನವರಿಕೆಯಾಗುತ್ತದೆ. ಕಪ್ಪು ಬಳಿದರೆ ದುಃಖ, ಕೆಂಪು ಬಳಿದರೆ ಕೋಪ ಎಂದು ತೀರ್ಪು ಕೊಡುವುದೂ ಅಷ್ಟೇ ಅನುಚಿತ. ಮೇಜಿನ ಮೇಲೆ ಕೈಗೆಟುಕುವಂತಿದ್ದುದು ಕಪ್ಪು ಕ್ರೇಯಾನ್ ಒಂದೇ ಆಗಿದ್ದಿರಬಹುದು. ನೆರವು ಬೇಕಾಗಿರುವುದು ಚಿತ್ರಕ್ಕಲ್ಲ, ಚಿತ್ರ ಬಿಡಿಸುವ ಕೈಗೆ: ಕುಂಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಬಹುದು, ಕಾಗದ ಜಾರದಂತೆ ಮೇಜಿಗೆ ಅಂಟಿಸಬಹುದು, ಕೂರುವ ಭಂಗಿ ಸರಿಪಡಿಸಬಹುದು, ಅಂಟಂಟಾದ ಬಣ್ಣ ಮುಟ್ಟಲು ಹಿಂಜರಿಯುವ ಮಗುವಿಗೆ ಬಣ್ಣವನ್ನು ಬಿಗಿಯಾಗಿ ಮುಚ್ಚಿದ ಪ್ಲಾಸ್ಟಿಕ್ ಚೀಲದೊಳಗಿಟ್ಟು ಮೇಲಿನಿಂದ ಒತ್ತಲು ಕೊಡಬಹುದು. ಅದನ್ನೂ ಬೇಡವೆಂದರೆ ಆ ಬೇಡಕ್ಕೆ ಬೆಲೆಯಿರಬೇಕು.

ಇದಕ್ಕೆಲ್ಲ ದುಬಾರಿ ಸಾಮಗ್ರಿ ಬೇಕಿಲ್ಲ. ಹಗುರವಾದ ಹಾಲೆ ಮರವನ್ನು ಕಡೆದು ಅರಗಿನ ಬಣ್ಣದಿಂದ ನುಣುಪುಗೊಳಿಸಿದ ಚನ್ನಪಟ್ಟಣದ ಗಿಲಕಿ, ಬುಗುರಿಗಳು ಅಂಚಿಲ್ಲದ ದುಂಡು ಆಕಾರದಿಂದಾಗಿ ಹಿಡಿತ ದುರ್ಬಲವಾದ ಕೈಗೂ ಒಗ್ಗುತ್ತವೆ. ಚೆನ್ನೆಮಣೆಯಲ್ಲಿ ಬೀಜ ಹೆಕ್ಕುವುದು, ಗುಳಿಗೊಂದರಂತೆ ಹಾಕುವುದು, ಎದುರಿನವರ ಸರದಿಗೆ ಕಾಯುವುದು ಒಟ್ಟಿಗೇ ನಡೆಯುವುದರಿಂದ ಎಣಿಕೆಯೂ ಸಹನೆಯೂ ಪಾಠವೆನಿಸದೆ ಒಳಬರುತ್ತವೆ. ಆದರೆ ವಸ್ತುಗಳನ್ನು ಬಾಯಿಗಿಡುವ ಮಗುವಿನ ಮುಂದೆ ಸಣ್ಣ ಬೀಜಗಳಿರಬಾರದು. ಗುಲಗಂಜಿಯಂತೂ ವಿಷಕಾರಿ, ಅದು ಯಾವ ಮಗುವಿನ ಆಟಕ್ಕೂ ಸಲ್ಲದು.

ಅಂಗವಿಕಲ ಮಕ್ಕಳಿಗೆ ಇತರ ಮಕ್ಕಳೊಡನೆ ಸಮಾನವಾಗಿ ಆಡುವ ಅವಕಾಶವಿರಬೇಕೆಂದು ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 30ನೇ ವಿಧಿ ಹೇಳುತ್ತದೆ, ಭಾರತ ಅದನ್ನು 2007ರಲ್ಲಿ ಅನುಮೋದಿಸಿದೆ. ಹೀಗಿರುವಾಗ ಆಟ ಚಿಕಿತ್ಸೆಯ ಹೆಸರಿನಲ್ಲಿ ಮಗುವನ್ನು ಮುಚ್ಚಿದ ಕೋಣೆಯಲ್ಲೇ ಉಳಿಸಿಕೊಳ್ಳುವುದು ಸಾಲದು. ಪದವೀಧರರು ಪ್ರತಿ ಮಗುವಿಗೂ ಸಿದ್ಧಪಡಿಸಲಿರುವ ವೈಯಕ್ತಿಕ ಶಿಕ್ಷಣ ಯೋಜನೆಯಲ್ಲಿ, ಗುರಿ ಮತ್ತು ಸಾಧನೆಯ ಕೋಷ್ಟಕಗಳ ಜೊತೆಗೆ, ದಿನಕ್ಕೊಂದು, ಯಾವ ಅಂಕವೂ ಇಲ್ಲದ ಆಟದ ಅವಧಿಗೆ ಜಾಗವಿರಬೇಕು, ಆ ಅವಧಿಯಲ್ಲಿ ನೆರೆಮನೆಯ ಅಥವಾ ಪಕ್ಕದ ತರಗತಿಯ ಇಬ್ಬರಾದರೂ ಮಕ್ಕಳು ಜೊತೆಗಿರಬೇಕು, ಮತ್ತು ಅದನ್ನು ಏಕೆ ಬರೆಯಲಾಗಿದೆಯೆಂದು ಮುಖ್ಯೋಪಾಧ್ಯಾಯರು ಕೇಳಿದಾಗ ವಿವರಿಸುವಷ್ಟು ಶಾಸ್ತ್ರಜ್ಞಾನ ಈ ಪದವಿಯ ಓದಿನಲ್ಲಿ ಅವರಿಗೆ ಈಗಾಗಲೇ ದೊರೆತಿದೆ.