ಹರಾಜಿಗೆ ಮುನ್ನ ಆಟಗಾರನ ಪರೀಕ್ಷೆ

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಬೆಳಗಿನ ಹೊತ್ತು ಹೋದವರು ಒಂದು ನೋಟವನ್ನು ಕಂಡಿರುತ್ತಾರೆ. ರೈತ ತಂದು ಸುರಿದ ಗೂಡಿನ ಮುಂದೆ ರೀಲರೊಬ್ಬ ಬಂದು ನಿಲ್ಲುತ್ತಾನೆ. ಮೇಲೆ ಕಾಣುವ ಗೂಡನ್ನು ಅವನು ಮುಟ್ಟುವುದಿಲ್ಲ. ಕೈಯನ್ನು ಒಳಗಿಳಿಸಿ ತಳದಿಂದ ಒಂದು ಹಿಡಿ ತೆಗೆಯುತ್ತಾನೆ. ಒಂದನ್ನು ಕಿವಿಯ ಬಳಿ ಅಲ್ಲಾಡಿಸುತ್ತಾನೆ, ಒಂದನ್ನು ಬೆರಳಿನಿಂದ ಅದುಮುತ್ತಾನೆ, ಇನ್ನೊಂದನ್ನು ಕತ್ತರಿಸಿ ಹೊಟ್ಟೆಯನ್ನು ನೋಡುತ್ತಾನೆ. ಮಾತಿಲ್ಲ, ಮುಖದಲ್ಲಿ ಏನನ್ನೂ ಕಾಣಗೊಡುವುದಿಲ್ಲ. ಆಮೇಲೆ ಹರಾಜು. ಈಗ ಬೆಲೆ ಕೂಗುವ ಕೆಲಸ ಮೊಬೈಲಿನಲ್ಲೇ ನಡೆದುಹೋಗುತ್ತದೆಯಾದರೂ ಕೈಹಾಕಿ ನೋಡುವ ಕೆಲಸವನ್ನು ಯಂತ್ರ ಇನ್ನೂ ವಹಿಸಿಕೊಂಡಿಲ್ಲ. ಅವನ ಮನಸ್ಸಿನಲ್ಲಿ ಓಡುತ್ತಿರುವ ಲೆಕ್ಕಕ್ಕೆ ರೇಂಡಿಟ್ಟ ಎಂದು ಹೆಸರು. ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕಾದೀತು ಎಂಬುದೇ ಆ ಲೆಕ್ಕ. ತಕ್ಕಡಿ ಗೂಡಿನ ತೂಕವನ್ನು ಹೇಳುತ್ತದೆ, ನೂಲಿನ ತೂಕವನ್ನು ಹೇಳುವುದಿಲ್ಲ.

ನಾನು ಮಾತನಾಡಬೇಕಾಗಿರುವುದು ರೇಷ್ಮೆಯ ವಿಷಯವನ್ನಲ್ಲ, ಕಬಡ್ಡಿಯ ವಿಷಯವನ್ನು. ಆದರೆ ಈ ರೀಲರನನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿಟ್ಟುಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ.

ಮನುಷ್ಯರನ್ನು ಹರಾಜು ಹಾಕುವುದು ಎಂಬ ಮಾತು ನನ್ನಂಥ ಹಳಬರ ಕಿವಿಗೆ ಇಂದಿಗೂ ಒಗ್ಗಿಲ್ಲ. ಒಗ್ಗಲಿ ಬಿಡಲಿ, ಅದು ನಡೆಯುತ್ತಿದೆ. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾದಾಗ ಅತಿ ಹೆಚ್ಚಿನ ಬೆಲೆಗೆ ಹೋದವರು ರಾಕೇಶ್ ಕುಮಾರ್. ಬೆಲೆ 12 ಲಕ್ಷ 80 ಸಾವಿರ ರೂಪಾಯಿ. 2023ರ ಹರಾಜಿನಲ್ಲಿ ಪವನ್ ಸೆಹ್ರಾವತ್ ಅವರಿಗೆ ಬಿದ್ದ ಬೆಲೆ 2 ಕೋಟಿ 60 ಲಕ್ಷ 50 ಸಾವಿರ. ಊರ ದೇವಸ್ಥಾನದ ಬಯಲಲ್ಲಿ ಸುಣ್ಣದ ಗೆರೆ ಎಳೆದುಕೊಂಡು ಆಡುತ್ತಿದ್ದ ಹುಡುಗರಿಗೆ ಈ ಸಂಖ್ಯೆಗಳು ಏನು ಮಾಡಿವೆ ಎಂಬುದನ್ನು ನಾನು ಹೇಳಬೇಕಾಗಿಲ್ಲ. ಕನಕಪುರ, ಮಾಗಡಿ, ಚನ್ನಪಟ್ಟಣದ ಸುತ್ತ ಯಾವ ಹಳ್ಳಿಗೆ ಹೋದರೂ ಒಬ್ಬಿಬ್ಬರು ಹುಡುಗರು ಆ ಕನಸಿನಲ್ಲಿ ಸಿಗುತ್ತಾರೆ.

ಅಂಥ ಒಬ್ಬ ಹುಡುಗನ ತಂದೆ ಒಂದು ದಿನ ನನ್ನ ಮನೆಗೆ ಬಂದರು. ಕನಕಪುರದ ಕಡೆಯವರು, ಗೂಡು ಮಾರಿ ಹಿಂದಿರುಗುತ್ತಿದ್ದರು. ಖಾಲಿ ಚೀಲಗಳು ಕಂಕುಳಲ್ಲೇ ಇದ್ದವು. ನಾನು ಬಹಳ ವರ್ಷ ದೈಹಿಕ ಶಿಕ್ಷಣದ ಮೇಷ್ಟ್ರಾಗಿದ್ದವನು, ಆಗಾಗ ತೀರ್ಪುಗಾರನಾಗಿಯೂ ಸೀಟಿ ಊದಿದವನು. ಹುಡುಗ ಪದವಿಯ ಕೊನೆಯ ವರ್ಷದಲ್ಲಿದ್ದ. ಕಾಲೇಜು ಬಿಟ್ಟು ಒಂದು ವರ್ಷ ಪೂರ್ತಿ ಹರಿಯಾಣದ ಕಡೆ ಹೋಗಿ ಅಭ್ಯಾಸ ಮಾಡುತ್ತೇನೆಂದು ಹಟ ಹಿಡಿದಿದ್ದನಂತೆ. ಅದಕ್ಕೆ ಬೇಕಾದ ಹಣಕ್ಕೆ ಎರಡು ಬೆಳೆಯ ಗೂಡಿನ ದುಡ್ಡು ಹೋಗಬೇಕು.

“ಮೇಷ್ಟ್ರೇ, ನೀವು ಒಂದ್ಸಲ ನೋಡಿ. ಆಗೋದಾದ್ರೆ ಆಗ್ತದೆ ಅನ್ನಿ, ಇಲ್ದಿದ್ರೆ ಇಲ್ಲ ಅನ್ನಿ. ನಾನು ಅವನ ಮಾತೂ ಕೇಳಾಕಿಲ್ಲ, ಅವರಮ್ಮನ ಮಾತೂ ಕೇಳಾಕಿಲ್ಲ, ನಿಮ್ಮಾತು ಕೇಳ್ತೀನಿ” ಎಂದರು.

ಇಂಥ ನಂಬಿಕೆಗಿಂತ ಭಾರವಾದ ಹೊರೆ ಇನ್ನೊಂದಿಲ್ಲ. ಏಕೆಂದರೆ ನಾನು ಹಿಂದೊಮ್ಮೆ ತಪ್ಪಿದವನು. ಆಯ್ಕೆಗೆ ಕುಳಿತಿದ್ದಾಗ ಅಂಕದ ಹಾಳೆಯನ್ನೇ ನೋಡುತ್ತ ಒಬ್ಬ ಹುಡುಗನನ್ನು ಕೈಬಿಟ್ಟೆ. ಅವನಿಲ್ಲದ ತಂಡ ಮುಂದಿನ ಪಂದ್ಯದಲ್ಲಿ ಹರಿದ ಚಾಪೆಯಂತೆ ಬಿಚ್ಚಿಕೊಂಡಾಗಲೇ ಅವನು ಏನು ಮಾಡುತ್ತಿದ್ದ ಎಂಬುದು ನನಗೆ ತಿಳಿದದ್ದು. ಅಷ್ಟರಲ್ಲಿ ಅವನು ಆಟ ಬಿಟ್ಟಿದ್ದ.

ಈ ಹುಡುಗನೂ ಅದೇ ಜಾತಿಯ ಆಟಗಾರ: ಕವರ್. ಆಟದ ಒಳಗನ್ನು ಅಷ್ಟಾಗಿ ನೋಡದವರಿಗಾಗಿ ಹೇಳುತ್ತೇನೆ. ಏಳು ಜನ ಸಾಲಾಗಿ ನಿಂತು ಒಬ್ಬ ದಾಳಿಗಾರನನ್ನು ಎದುರಿಸುತ್ತಾರೆ. ಅವನಿಗೆ ಇರುವುದು 30 ಸೆಕೆಂಡು. ಎರಡು ತುದಿಗಳ ಮೂಲೆಯಲ್ಲಿ ನಿಂತವರು ಹೆಚ್ಚಾಗಿ ಕಾಲಿಗೆ ಬೀಳುವವರು. ಕವರಿನವನು ಒಳಗೆ ನಿಂತು, ದಾಳಿಗಾರ ಮಧ್ಯಗೆರೆಗೆ ಓಡುವ ದಾರಿಗೆ ತನ್ನ ಮೈಯನ್ನೇ ಅಡ್ಡ ಕೊಡುವವನು. ಮೂಲೆಯವನು ಪಾದ ಹಿಡಿದ. ಆದರೆ ಕವರಿನವನು ಅರೆಗಳಿಗೆ ತಡವಾಗಿ ಬಂದರೆ ದಾಳಿಗಾರ ಹಿಡಿದವನನ್ನೂ ಎಳೆದುಕೊಂಡು ಗೆರೆ ಮುಟ್ಟಿಬಿಡುತ್ತಾನೆ. ಸರಿಯಾಗಿ ಬಂದರೆ ಅಂಕ ತಂಡಕ್ಕೆ. ಹಾಳೆಯಲ್ಲಿ ಮಾತ್ರ ಅದು ಸಾಮಾನ್ಯವಾಗಿ ಮೊದಲು ಹಿಡಿದವನ ಹೆಸರಿನ ಮುಂದೆ ಬೀಳುತ್ತದೆ.

ಇದು ನಮ್ಮ ಆಟದ್ದೊಂದೇ ಕಥೆಯಲ್ಲ. ಅಮೆರಿಕದವರ ಫುಟ್‌ಬಾಲಿನಲ್ಲಿ ಟೈಟ್ ಎಂಡ್ ಎಂಬ ಸ್ಥಾನವೊಂದಿದೆ. ಅವನು ಸಾಲಿಗೆ ಅಂಟಿಕೊಂಡು ನಿಂತು ಎದುರಾಳಿಯನ್ನು ತಡೆಯಲೂ ಬೇಕು, ಹೊರಗೆ ಓಡಿ ಚೆಂಡು ಹಿಡಿಯಲೂ ಬೇಕು. ಅಲ್ಲಿ ಹರಾಜಿಲ್ಲ, ವಿಶ್ವವಿದ್ಯಾನಿಲಯದ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. 1936ರಿಂದ ನಡೆದುಬಂದ ಪದ್ಧತಿ ಅದು. ಆರಿಸುವುದಕ್ಕೆ ಮೊದಲು ಹುಡುಗರನ್ನು ತೂಗುತ್ತಾರೆ, ನೆಗೆಸುತ್ತಾರೆ, 40 ಗಜ ಓಡಿಸಿ ಗಡಿಯಾರ ಹಿಡಿಯುತ್ತಾರೆ. 2017ರಲ್ಲಿ ಜಾರ್ಜ್ ಕಿಟಲ್ ಎಂಬ ಟೈಟ್ ಎಂಡ್ ಆಟಗಾರನ ಸರದಿ ಬಂದದ್ದು 146ನೆಯದಾಗಿ. ಕಾಲೇಜಿನಲ್ಲಿ ಅವನ ಕೈಗೆ ಚೆಂಡು ಬಂದದ್ದೇ ಕಡಮೆ; ಅವನನ್ನು ಬಹುಮಟ್ಟಿಗೆ ತಡೆಯುವುದಕ್ಕೇ ಬಳಸುತ್ತಿದ್ದರು. ಮರುವರ್ಷ, 2018ರಲ್ಲಿ, ಅವನು ಚೆಂಡು ಹಿಡಿದು ಗಳಿಸಿದ ದೂರ 1,377 ಗಜ. ಆ ಸ್ಥಾನದವರಲ್ಲಿ ಅದುವರೆಗೆ ಒಂದು ಋತುವಿನಲ್ಲಿ ಅಷ್ಟು ಗಳಿಸಿದವರಿರಲಿಲ್ಲ. ಅಷ್ಟೊಂದು ಗಡಿಯಾರ, ತಕ್ಕಡಿ ಇಟ್ಟುಕೊಂಡವರಿಗೇ ಹಾಗಾದರೆ, ಬಯಲಿನ ಅಂಚಿನಲ್ಲಿ ಛತ್ರಿ ಹಿಡಿದು ನಿಲ್ಲುವ ನನ್ನ ಪಾಡೇನು?

ಇರಲಿ. ಹುಡುಗನನ್ನು ನಾನು ಮೂರು ಸಲ ನೋಡಿದೆ.

ಮೊದಲನೆಯದು ಚನ್ನಪಟ್ಟಣದ ಹತ್ತಿರದ ಒಂದು ಹಳ್ಳಿಯಲ್ಲಿ, ರಾತ್ರಿ ದೀಪದ ಬೆಳಕಿನ ಪಂದ್ಯ. ಮಣ್ಣಿನ ಅಂಗಳ. ಆಟ ಮುಗಿದಾಗ ಹುಡುಗನ ಹೆಸರಿನ ಮುಂದೆ ಇದ್ದದ್ದು ಎರಡು ಅಂಕ. ತಂದೆಯ ಮುಖ ಬಾಡಿಹೋಯಿತು. ಆದರೆ ನಾನು ಹಳೆಯ ತಪ್ಪಿನಿಂದ ಕಲಿತದ್ದೊಂದಿತ್ತು: ದಾಳಿಗಾರನನ್ನು ನೋಡದೆ ಹುಡುಗನೊಬ್ಬನನ್ನೇ ನೋಡಿದೆ. ಮೊದಲರ್ಧದಲ್ಲಿ ಎದುರಾಳಿಗಳು ಹತ್ತೊಂಬತ್ತು ದಾಳಿ ಮಾಡಿದರು. ಅದರಲ್ಲಿ ಹನ್ನೊಂದು ಸಲ ದಾಳಿಗಾರ ಇವನ ಕಡೆಗೆ ಎರಡು ಹೆಜ್ಜೆ ಇಟ್ಟು, ಏನೋ ನೆನಪಾದವನಂತೆ ತಿರುಗಿ ಆಚೆ ಬದಿಗೆ ಹೋದ. ಬಾರದೆ ಹೋದ ದಾಳಿಯನ್ನು ಬರೆದಿಡುವ ಕಾಲಂ ಯಾವ ಹಾಳೆಯಲ್ಲೂ ಇಲ್ಲ. ನಾನು ಬಸ್ ಟಿಕೆಟಿನ ಹಿಂದೆ ಗೀಟು ಹಾಕಿಕೊಂಡೆ.

ಮನೆಯಲ್ಲಿ ಟೆಲಿವಿಷನ್ನಿನಲ್ಲಿ ಕಬಡ್ಡಿ ನೋಡುವವರು ಇದನ್ನು ಮಾಡಿ ನೋಡಬಹುದು. ಐದು ದಾಳಿಗಳ ಕಾಲ ಹಿಡಿಯುವವರಲ್ಲಿ ಒಬ್ಬನ ಮೇಲೆ ಮಾತ್ರ ಕಣ್ಣಿಡಿ. ಕಣ್ಣು ದಾಳಿಗಾರನ ಕಡೆಗೇ ಓಡುತ್ತದೆ, ಹಿಂದಕ್ಕೆ ಎಳೆದುಕೊಳ್ಳಿ. ಬೇರೊಂದು ಆಟವೇ ಕಾಣಿಸುತ್ತದೆ.

ಎರಡನೆಯ ಪಂದ್ಯ ಮಾಗಡಿಯಲ್ಲಿ. ಅಲ್ಲಿ ಹುಡುಗನ ತಂಡ ಸೋತಿತು. ಸೋತದ್ದು ನನಗೆ ಒಳ್ಳೆಯದಾಯಿತು. ಗೆಲ್ಲುವ ದಿನ ಎಲ್ಲ ಹುಡುಗರೂ ಚೆನ್ನಾಗಿಯೇ ಕಾಣುತ್ತಾರೆ. ಇವನು ಎರಡು ಸಲ ಅವಸರಪಟ್ಟು ನುಗ್ಗಿದ, ಎರಡು ಸಲವೂ ದಾಳಿಗಾರ ಮುಟ್ಟಿಕೊಂಡು ಹೋದ. ಜನ ನಕ್ಕರು. ಆಮೇಲೆ ಅವನು ಏನು ಮಾಡುತ್ತಾನೆ ಎಂಬುದೇ ನನಗೆ ಬೇಕಾದದ್ದು. ಕೆಲವು ಹುಡುಗರು ಅಂಥ ಹೊತ್ತಿನಲ್ಲಿ ಒಂದು ಹೆಜ್ಜೆ ಹಿಂದಕ್ಕೆ ನಿಲ್ಲತೊಡಗುತ್ತಾರೆ, ಯಾರಿಗೂ ತಿಳಿಯದಂತೆ; ಆ ಒಂದು ಹೆಜ್ಜೆಯಲ್ಲಿ ಆಟ ಮುಗಿಯಿತು. ಇವನು ಹಿಂದೆ ಸರಿಯಲಿಲ್ಲ. ಪಕ್ಕದ ಮೂಲೆಯ ಹುಡುಗನಿಗೆ ಕಿವಿಯಲ್ಲಿ ಏನೋ ಹೇಳಿದ. ಮುಂದಿನ ದಾಳಿಯಲ್ಲಿ ಮೂರೇ ಜನ ಉಳಿದಿದ್ದರು. ಮೂರು ಅಥವಾ ಅದಕ್ಕಿಂತ ಕಡಮೆ ಜನ ಇದ್ದಾಗ ಹಿಡಿದರೆ ಒಂದು ಅಂಕ ಹೆಚ್ಚು. ಮೂಲೆಯವನು ಕಾಲಿಗೆ ಬಿದ್ದ, ಇವನು ಎದೆಗೆ ಬಿದ್ದ, ದಾಳಿಗಾರ ಅಲ್ಲೇ ಕುಳಿತ. ಹಾಳೆಯಲ್ಲಿ ಅಂಕ ಮೂಲೆಯವನಿಗೆ!

ಆಟ ಮುಗಿದ ಮೇಲೆ ಅಲ್ಲಿನ ಶಾಲೆಯ ಕಟ್ಟೆಯ ಮೆಟ್ಟಿಲ ಮೇಲೆ ನಿಂತು, ನೀರು ಕೊಡುವ ನೆವದಲ್ಲಿ ಹುಡುಗನನ್ನು ಮೇಲಕ್ಕೆ ಕರೆದು ಕೆಳಕ್ಕೆ ಕಳಿಸಿದೆ. ಇದು ನನ್ನ ಹಳೆಯ ಉಪಾಯ. ಮೊಣಕಾಲಿನ ನೋವನ್ನು ಹುಡುಗರು ತಾಯಿಗೂ ಹೇಳುವುದಿಲ್ಲ. ಮೆಟ್ಟಿಲಿಳಿಯುವಾಗ ಕಾಲೇ ಹೇಳಿಬಿಡುತ್ತದೆ. ಈ ಕಾಲು ಏನೂ ಹೇಳಲಿಲ್ಲ.

ಇಷ್ಟಾಗಿದ್ದರೆ ಹೂಂ ಎಂದುಬಿಡುತ್ತಿದ್ದೆನೇನೋ. ಮೂರನೆಯ ಸಲ ಅವನನ್ನು ಬೆಂಗಳೂರಿನಲ್ಲಿ, ಮ್ಯಾಟ್ ಹಾಸಿದ ಅಂಗಳದಲ್ಲಿ ನೋಡಿದೆ. ಹರಾಜಿನ ಕಬಡ್ಡಿ ನಡೆಯುವುದು 13 ಮೀಟರ್ ಉದ್ದ, 10 ಮೀಟರ್ ಅಗಲದ ಮ್ಯಾಟಿನ ಮೇಲೆ, ಬೂಟು ಹಾಕಿಕೊಂಡು. ಮಣ್ಣಿನಲ್ಲಿ ಕಾಲು ಸ್ವಲ್ಪ ಜಾರುತ್ತದೆ, ಆ ಜಾರುವಿಕೆಯನ್ನೇ ಲೆಕ್ಕಕ್ಕೆ ತೆಗೆದುಕೊಂಡು ನಮ್ಮ ಹುಡುಗರು ನುಗ್ಗುವುದು. ಮ್ಯಾಟ್ ಕಾಲನ್ನು ಕಚ್ಚಿ ಹಿಡಿಯುತ್ತದೆ. ದಾಳಿಗಾರ ಅದೇ ಗಳಿಗೆಯಲ್ಲಿ ದಿಕ್ಕು ಬದಲಿಸುತ್ತಾನೆ. ಹುಡುಗ ಬಲಗಡೆ ನಿಂತಾಗ ಹೇಗೋ ನಿಭಾಯಿಸಿದ. ತರಬೇತುದಾರರು ಎಡಗಡೆಗೆ ನಿಲ್ಲಿಸಿದರು ನೋಡಿ, ಹೊಸ ಎತ್ತನ್ನು ನೊಗದ ಆಚೆ ಬದಿಗೆ ಕಟ್ಟಿದಂತಾಯಿತು. ಹೆಗಲೂ ತಪ್ಪು, ಹೆಜ್ಜೆಯೂ ತಪ್ಪು. ತಂಡದವರು ಒಂದೇ ಬದಿ ಬಲ್ಲವನನ್ನು ಕೊಳ್ಳುವುದಿಲ್ಲವೆಂದಲ್ಲ. ಆದರೆ ಹೆಸರಿಲ್ಲದ ಹೊಸ ಹುಡುಗನಿಗೆ ಅಂಥ ರಿಯಾಯಿತಿ ಸಿಗುವುದು ಅಪರೂಪ.

ಅವರು ಎಷ್ಟು ಬಿಗಿಯಾಗಿ ಆರಿಸುತ್ತಾರೆಂಬುದಕ್ಕೆ ಒಂದು ಲೆಕ್ಕ ನೋಡಿ. 2022ರ ಆಗಸ್ಟಿನಲ್ಲಿ ಮುಂಬಯಿಯಲ್ಲಿ ನಡೆದ ಹರಾಜಿಗೆ 500ಕ್ಕಿಂತ ಹೆಚ್ಚು ಹೆಸರುಗಳಿದ್ದವು. ತಂಡಗಳು 12, ಒಂದೊಂದರಲ್ಲಿ ಹೆಚ್ಚೆಂದರೆ 25 ಜನ. ಅಲ್ಲಿಗೆ ಒಟ್ಟು 300. ಅದರಲ್ಲೂ ಹಿಂದಿನ ವರ್ಷದವರನ್ನು ಉಳಿಸಿಕೊಂಡು ಮಿಕ್ಕ ಜಾಗ. ಎಷ್ಟು ಜನ ಬರಿಗೈಯಲ್ಲಿ ಉಳಿದರೆಂದು ನೀವೇ ಕಳೆದು ನೋಡಿ.

ಕೊಂಡ ಮಾತ್ರಕ್ಕೆ ಮುಗಿಯುವುದೂ ಇಲ್ಲ. ಮೊದಲು ಹೇಳಿದ ಪವನ್ ಸೆಹ್ರಾವತ್ 2017ರಲ್ಲಿ ಗುಜರಾತ್ ತಂಡದಲ್ಲಿ ಹೆಚ್ಚು ಕಾಲ ಅಂಗಳದ ಹೊರಗೇ ಕುಳಿತಿದ್ದವರು. ಮರುವರ್ಷ ಬೆಂಗಳೂರು ಬುಲ್ಸ್‌ಗೆ ಬಂದು ದಾಳಿಯಲ್ಲಿ 271 ಅಂಕ ಗಳಿಸಿದರು. 2019ರ ಜನವರಿ 5ರ ಅಂತಿಮ ಪಂದ್ಯದಲ್ಲಿ ಅದೇ ಗುಜರಾತ್ ತಂಡದ ಮೇಲೆ ಒಬ್ಬರೇ 22 ಅಂಕ ತಂದು, 38–33ರಿಂದ ಗೆಲ್ಲಿಸಿದರು. ಒಂದು ವರ್ಷದಲ್ಲಿ ಮನುಷ್ಯ ಬದಲಾದನೇ, ನೋಡುವವರ ಕಣ್ಣು ಬದಲಾಯಿತೇ? ಇನ್ನು ನಮ್ಮ ಕವರಿನ ಹುಡುಗರಿಗೆ ಧೈರ್ಯ ಕೊಡುವ ಪಂದ್ಯ 2024ರ ಮಾರ್ಚ್ 1ರದು. ಕನ್ನಡಿಗರಾದ ಬಿ.ಸಿ. ರಮೇಶ್ ಅವರು ತರಬೇತಿ ಕೊಟ್ಟ ಪುಣೇರಿ ಪಲ್ಟನ್ ಹರಿಯಾಣದವರನ್ನು ಗೆದ್ದದ್ದು 28–25ರಿಂದ. ಅಂತಿಮ ಪಂದ್ಯದಲ್ಲಿ ಅಷ್ಟು ಕಡಮೆ ಅಂಕ ಬರಬೇಕಾದರೆ ಎರಡು ಕಡೆಯೂ ಹಿಡಿಯುವವರು ಎಂಥವರಿರಬೇಕು!

ತಂದೆಗೆ ನಾನು ಹೇಳಿದ್ದು ಹೀಗೆ. ಹುಡುಗನಲ್ಲಿ ನೂಲಿದೆ, ಸಂದೇಹವಿಲ್ಲ. ಆದರೆ ಎಡಗಡೆ ಕಲಿಯಬೇಕು, ಮ್ಯಾಟಿನ ಮೇಲೆ ಕಾಲು ಕೂರಬೇಕು, ಅವಸರ ಇಳಿಯಬೇಕು. ಅದಕ್ಕೆ ಹರಿಯಾಣವೂ ಬೇಡ, ಎರಡು ಬೆಳೆಯ ದುಡ್ಡೂ ಬೇಡ, ಕಾಲೇಜು ಬಿಡುವುದಂತೂ ಬೇಡವೇ ಬೇಡ. ಏಕೆಂದರೆ ಕಾಲೇಜೇ ಒಂದು ಬಾಗಿಲು. 2022ರಲ್ಲಿ ಬೆಂಗಳೂರಿನಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾನಿಲಯ ಕ್ರೀಡಾಕೂಟ ನಡೆಯಿತಷ್ಟೆ. ಆ ವರ್ಷ ಕಬಡ್ಡಿಯಲ್ಲಿ ಮೊದಲ ಎರಡು ಸ್ಥಾನ ಪಡೆದ ತಂಡಗಳ 24 ಹುಡುಗರನ್ನು ನೇರವಾಗಿ ಹರಾಜಿನ ಪಟ್ಟಿಗೆ ಸೇರಿಸಿಕೊಂಡರು. ವಿಶ್ವವಿದ್ಯಾನಿಲಯದ ತಂಡದಲ್ಲಿ ನಿಲ್ಲಬೇಕಾದರೆ ವಿದ್ಯಾರ್ಥಿಯಾಗಿರಲೇಬೇಕಲ್ಲ. ಪದವಿ ಕೈಯಲ್ಲಿದ್ದರೆ, ಹರಾಜು ತಪ್ಪಿದರೂ ರೈಲ್ವೆ, ಪೊಲೀಸು ಎಂದು ಆಟಗಾರರಿಗೆ ಕೆಲಸ ಕೊಡುವ ಕಡೆ ಅರ್ಜಿ ಹಾಕಬಹುದು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಹುಳ ಇನ್ನೂ ಹಣ್ಣಾಗಿಲ್ಲ ಅನ್ನಿ ಮೇಷ್ಟ್ರೇ. ಹಣ್ಣಾಗ್ದೇ ಇರೋ ಹುಳನ ಚಂದ್ರಂಕಿಗೆ ಬುಟ್ರೆ ಗೂಡು ತೆಳ್ಳಗಾಯ್ತದೆ” ಎಂದರು. ನಾನು ಅರ್ಧ ಗಂಟೆ ಹೇಳಿದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದರು.

ಹುಡುಗ ಮಾತ್ರ ನನ್ನ ಮೇಲೆ ಮುನಿಸಿಕೊಂಡ. ನಾಲ್ಕು ತಿಂಗಳು ಕಂಡರೂ ಕಾಣದವನಂತೆ ಹೋಗುತ್ತಿದ್ದ. ಅವನ ಕೋಪ ನ್ಯಾಯವಾದದ್ದೇ. ಇಪ್ಪತ್ತರ ವಯಸ್ಸಿನಲ್ಲಿ ಒಂದು ವರ್ಷವೆಂದರೆ ಸಣ್ಣದಲ್ಲ, ಅದನ್ನು ಕಾಯಿಸಿದವನು ನಾನು. ನನ್ನ ಮಾತು ಈ ಸಲವೂ ತಪ್ಪಾದರೆ ಅದರ ಬೆಲೆ ಕೊಡುವವನು ಅವನು, ನಾನಲ್ಲ.

ಮೊನ್ನೆ ರಾಮನಗರದ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದ. ಪರೀಕ್ಷೆ ಬರೆದು ಊರಿಗೆ ಹೊರಟಿದ್ದನಂತೆ. ಹತ್ತಿರ ಬಂದು ಚೀಲವನ್ನು ಕೆಳಗಿಟ್ಟು, “ಸಾರ್, ಈಗ ಎಡಗಡೆಯೂ ನಿಲ್ತಾ ಇದೀನಿ. ಬಂದು ನೋಡ್ತೀರಾ?” ಎಂದ. ಪಂದ್ಯ ಎಲ್ಲಿ, ಎಷ್ಟು ಹೊತ್ತಿಗೆ ಎಂದು ಕೇಳಿ ಬರೆದುಕೊಂಡಿದ್ದೇನೆ.